ಕಾಗದದ ಬಿಲ್ಲು ಕಡಿಮೆ ಮಾಡಿ, ಫೋನಿನಲ್ಲೇ ಭದ್ರವಾಗಿ ಇಡುವುದು ಹೇಗೆ? ತುಮಕೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಒಂದು ಸಂಜೆ ನಾಲ್ಕು ಅಂಗಡಿ ಹತ್ತಿ ಇಳಿದರೆ ಸಾಕು, ಜೇಬಿನ ತುಂಬ ಚೀಟಿ. ಬಟ್ಟೆ ಅಂಗಡಿಯದು, ಮೆಡಿಕಲ್ ಸ್ಟೋರಿನದು, ಪೆಟ್ರೋಲ್ ಬಂಕಿನದು, ಎಟಿಎಂನದು. ಜಾಸ್ತಿ ಪಾಲು ಅದೇ ರಾತ್ರಿ ಕಸದ ಬುಟ್ಟಿ ಸೇರುತ್ತದೆ. ಬೇಕಾಗಬಹುದು ಎಂದು ಬೀರುವಿನಲ್ಲಿ ಎತ್ತಿಟ್ಟ ಬಿಲ್ಲಿನ ಕಥೆ ಇನ್ನೂ ಬೇಸರದ್ದು. ಮಿಕ್ಸಿ ಕೆಟ್ಟ ದಿನ ಹುಡುಕಿ ತೆಗೆದರೆ ಅದರಲ್ಲಿ ಅಕ್ಷರವೇ ಇರುವುದಿಲ್ಲ.

ಅಕ್ಷರ ಹೋಗುವುದಕ್ಕೆ ಕಾರಣವಿದೆ. ಈಗ ಅಂಗಡಿಗಳಲ್ಲಿ ಕೊಡುವ ಸಣ್ಣ ಬಿಲ್ಲು ಬಹುಪಾಲು ಥರ್ಮಲ್ ಪೇಪರ್. ಅದರ ಪ್ರಿಂಟರಿನಲ್ಲಿ ಇಂಕೇ ಇಲ್ಲ. ಕಾಗದದ ಮೇಲೆ ಒಂದು ಬಣ್ಣದ ಪುಡಿ ಮತ್ತು ಒಂದು ರಾಸಾಯನಿಕದ ಲೇಪ ಇರುತ್ತದೆ. ಪ್ರಿಂಟರಿನ ಬಿಸಿ ತಾಗಿದ ಕಡೆ ಎರಡೂ ಬೆರೆತು ಕಪ್ಪಾಗುತ್ತದೆ. ಬಿಸಿಯಿಂದ ಮೂಡಿದ ಅಕ್ಷರಕ್ಕೆ ಆಮೇಲಿನ ಬಿಸಿಲು, ಎಣ್ಣೆ ಕೈ, ಪ್ಲಾಸ್ಟಿಕ್ ಕವರ್ ಎಲ್ಲವೂ ಶತ್ರುಗಳೇ. ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಇಡೀ ಕಾಗದ ಕಪ್ಪಾಗಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಮಾಸಿ ಹೋಗಬಹುದು.

ಅದರ ಲೇಪದಲ್ಲಿ ಬಿಸ್ಫಿನಾಲ್ ಎಂಬ ರಾಸಾಯನಿಕ ಬಳಸುವುದುಂಟು. ಇದು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಿ ಮಾಡುತ್ತದೆ ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 2020ರ ಜನವರಿಯಿಂದ ಥರ್ಮಲ್ ಪೇಪರಿನಲ್ಲಿ ಬಿಸ್ಫಿನಾಲ್-ಎ ಬಳಕೆಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಫ್ರಾನ್ಸ್ 2023ರ ಆಗಸ್ಟ್ 1ರಿಂದ, ಗಿರಾಕಿ ಕೇಳದೆ ಬಿಲ್ಲು ಪ್ರಿಂಟ್ ಮಾಡುವಂತಿಲ್ಲ ಎಂಬ ನಿಯಮವನ್ನೇ ತಂದಿದೆ. ನಮ್ಮಲ್ಲಿ ಅಂಥ ನಿಯಮ ಇಲ್ಲ. ಆದರೆ ನಾವಾಗಿಯೇ ಕೇಳಿ ಅಭ್ಯಾಸ ಮಾಡಿಕೊಳ್ಳಬಹುದು, ಅಲ್ವಾ? ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಶುರು ಮಾಡುವ ಮುಂಚೆ: ಯುಪಿಐ ಸ್ಕ್ರೀನ್‌ಶಾಟ್ ಬಿಲ್ಲಲ್ಲ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಅದಕ್ಕೇ ಮೊದಲು ಹೇಳುತ್ತಿದ್ದೇನೆ. "ಫೋನ್‌ಪೇ ಮಾಡಿದ್ದೀನಲ್ಲ, ಅದೇ ಸಾಕ್ಷಿ" ಎಂದು ತುಂಬ ಜನ ಬಿಲ್ಲು ಕೇಳುವುದನ್ನೇ ಬಿಟ್ಟಿದ್ದಾರೆ. ಯುಪಿಐ ಸಂದೇಶ ಹೇಳುವುದು ಇಷ್ಟೇ: ಯಾರಿಂದ, ಯಾರಿಗೆ, ಯಾವಾಗ, ಎಷ್ಟು ಹಣ ಹೋಯಿತು. ಜೊತೆಗೆ 12 ಅಂಕಿಯ ಒಂದು ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ. ಏನು ಕೊಂಡಿರಿ ಎನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಎಷ್ಟೋ ಸಲ ಅಂಗಡಿಯ ಹೆಸರೂ ಇರುವುದಿಲ್ಲ, ಮಾಲೀಕರ ಮಗನ ಹೆಸರೋ ತಮ್ಮನ ಹೆಸರೋ ಇರುತ್ತದೆ.

ಹಣ ಕೊಟ್ಟದ್ದಕ್ಕೆ ಸಾಕ್ಷಿ ಬೇರೆ, ವಸ್ತು ಕೊಂಡದ್ದಕ್ಕೆ ಸಾಕ್ಷಿ ಬೇರೆ. ವಾರಂಟಿ ಕೇಳುವಾಗ, ವಸ್ತು ಬದಲಿಸುವಾಗ, ದೂರು ಕೊಡುವಾಗ ಬೇಕಾಗುವುದು ಎರಡನೆಯದು. ಕಾಗದ ಬಿಡಬಹುದು, ಬಿಲ್ಲು ಬಿಡುವಂತಿಲ್ಲ.

ಕಾಗದದಲ್ಲಿರಲಿ, ಫೋನಿನಲ್ಲಿರಲಿ, ಸರಿಯಾದ ಬಿಲ್ಲಿನಲ್ಲಿ ಅಂಗಡಿಯ ಹೆಸರು ಮತ್ತು ವಿಳಾಸ, ಬಿಲ್ ನಂಬರ್, ತಾರೀಖು, ವಸ್ತುವಿನ ಹೆಸರು, ಎಷ್ಟು, ಬೆಲೆ, ತೆರಿಗೆ ಇರಬೇಕು. ಅಂಗಡಿ ಜಿಎಸ್‌ಟಿಯಲ್ಲಿ ನೋಂದಣಿ ಆಗಿದ್ದರೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರುತ್ತದೆ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ. ಕೆಲವು ಸಣ್ಣ ಅಂಗಡಿಗಳು ಕಾಂಪೊಸಿಷನ್ ಪದ್ಧತಿಯಲ್ಲಿರುತ್ತವೆ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಾವೇ ಕಟ್ಟುತ್ತವೆ. ಅವರ ಬಿಲ್ಲಿನಲ್ಲಿ ತೆರಿಗೆಯ ಸಾಲು ಇರುವುದಿಲ್ಲ, ಅದು ತಪ್ಪಲ್ಲ. ಅವರು ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ ಅಷ್ಟೇ.

"ಫೋನಿನಲ್ಲಿರುವ ಬಿಲ್ಲು ಕಾನೂನಿನಲ್ಲಿ ನಡೆಯುತ್ತದಾ?" ನಡೆಯುತ್ತದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ಅಂಥ ದಾಖಲೆಯನ್ನು ಕೋರ್ಟಿಗೆ ಕೊಡುವುದು ಹೇಗೆ, ಜೊತೆಗೆ ಎಂಥ ಪ್ರಮಾಣಪತ್ರ ಬೇಕು ಎಂದು ಹೇಳುತ್ತದೆ. ಅದಕ್ಕೇ ಅಂಗಡಿಯವರು ಕಳಿಸಿದ ಮೂಲ ಫೈಲನ್ನೇ ಇಟ್ಟುಕೊಳ್ಳಿ. ಅದರ ಸ್ಕ್ರೀನ್‌ಶಾಟ್ ತೆಗೆದು, ಕತ್ತರಿಸಿ, ಮೂಲ ಅಳಿಸಬೇಡಿ.

ಹಂತ 1: ಯಾವುದಕ್ಕೆ ಚೀಟಿ ಬೇಡ, ಯಾವುದಕ್ಕೆ ಬೇಕು ಎಂದು ತೀರ್ಮಾನಿಸಿ

ಎಲ್ಲದಕ್ಕೂ ಇ-ಬಿಲ್ ಕೇಳುತ್ತಾ ಹೋದರೆ ನಾಲ್ಕೇ ದಿನಕ್ಕೆ ಸಾಕಾಗುತ್ತದೆ. ಹಾಗಾಗಿ ಮೊದಲು ಮನಸ್ಸಿನಲ್ಲೇ ವಿಂಗಡಿಸಿಕೊಳ್ಳಿ.

ಎಟಿಎಂ ಚೀಟಿ ಬೇಡವೇ ಬೇಡ. ಬ್ಯಾಂಕಿನ ಎಸ್ಎಂಎಸ್ ಬರುತ್ತದೆ, ಪಾಸ್‌ಬುಕ್ಕಿನಲ್ಲಿ ದಾಖಲಾಗುತ್ತದೆ. ಬಾಲೆನ್ಸ್ ತೋರಿಸುವ ಚೀಟಿಯನ್ನು ಅಲ್ಲೇ ಎಸೆದು ಬರುವುದು ಒಳ್ಳೆಯದೂ ಅಲ್ಲ. ಆಫೀಸಿಗೆ ಲೆಕ್ಕ ಕೊಡುವುದಿಲ್ಲ ಎಂದರೆ ಪೆಟ್ರೋಲ್ ಚೀಟಿಯೂ ಬೇಡ. ಟೋಲ್ ಫಾಸ್ಟ್ಯಾಗಿನಲ್ಲಿ ಕಡಿತವಾಗುತ್ತದೆ, ಅದರ ಪಟ್ಟಿ ಬ್ಯಾಂಕಿನ ಆ್ಯಪ್‌ನಲ್ಲಿ ಸಿಗುತ್ತದೆ. ಕಾಫಿ-ತಿಂಡಿ, ಸೊಪ್ಪು-ತರಕಾರಿಗೆ ಯಾವ ಚೀಟಿಯೂ ಬೇಕಿಲ್ಲ. ಜಿಎಸ್‌ಟಿ ನಿಯಮದಲ್ಲೂ 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಬೇರೆ ಬೇರೆ ಬಿಲ್ಲು ಹರಿಯಬೇಕಿಲ್ಲ. ಅಂಗಡಿಯವರು ದಿನದ ಕೊನೆಗೆ ಎಲ್ಲ ಸೇರಿಸಿ ಒಂದೇ ಬಿಲ್ಲು ಬರೆದುಕೊಳ್ಳಬಹುದು. ಕೇಳಿದರೆ ಮಾತ್ರ ಕೊಡಲೇಬೇಕು.

ಇ-ಬಿಲ್ಲೇ ಸಾಕು ಎನ್ನುವ ಗುಂಪು ದೊಡ್ಡದು. ಕರೆಂಟು, ನೀರು, ಗ್ಯಾಸ್, ರೀಚಾರ್ಜ್, ಬಟ್ಟೆ, ಚಪ್ಪಲಿ, ಮಿಕ್ಸಿ, ಫ್ಯಾನು, ಫೋನು, ಟಿವಿ, ತಿಂಗಳ ದಿನಸಿ, ರೈಲು ಟಿಕೆಟ್.

ಮೂರನೆಯದು ಕಾಗದವನ್ನೂ ಜೋಪಾನ ಮಾಡಬೇಕಾದ ಗುಂಪು. ಚಿನ್ನ, ಆಸ್ಪತ್ರೆ, ಬಿತ್ತನೆ ಬೀಜ, ಬೋರ್‌ವೆಲ್ ಮೋಟರ್, ಜಮೀನು-ಮನೆ. ಜಮೀನು-ಮನೆ ಬಿಟ್ಟು ಉಳಿದವುಗಳ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

ಹಂತ 2: ಬಿಲ್ಲುಗಳಿಗೆ ಒಂದು ಜಾಗ ಮಾಡಿ

ಬಿಲ್ಲುಗಳಿಗೆಂದೇ ಮನೆಯವರೆಲ್ಲ ಬಳಸುವ ಒಂದು ಇಮೇಲ್ ವಿಳಾಸ ಮಾಡಿಕೊಳ್ಳಿ. ನಿಮ್ಮ ಸ್ವಂತ ಇಮೇಲಿನಲ್ಲಿ ಬ್ಯಾಂಕು, ಆಫೀಸು, ಜಾಹೀರಾತು ಎಲ್ಲ ಬೆರೆತು ಬಿಲ್ಲು ಕಳೆದುಹೋಗುತ್ತದೆ. ಗೂಗಲ್ ಖಾತೆಗೆ 15 ಜಿಬಿ ಜಾಗ ಉಚಿತ. ಬಿಲ್ಲಿನ ಪಿಡಿಎಫ್ ಚಿಕ್ಕ ಫೈಲ್, ಒಂದು ಸಂಸಾರದ ಬಿಲ್ಲುಗಳಿಗೆ ಅಷ್ಟು ಜಾಗ ಧಾರಾಳವಾಗಿ ಸಾಕು. ಗಂಡ-ಹೆಂಡತಿ ಇಬ್ಬರ ಫೋನಿನಲ್ಲೂ ಆ ಖಾತೆ ತೆರೆಯುವ ಹಾಗಿರಲಿ. ಫ್ರಿಜ್ ರಿಪೇರಿಯವನು ಬಂದಾಗ ಮನೆಯಲ್ಲಿ ಯಾರಿರುತ್ತಾರೋ ಅವರೇ ಬಿಲ್ಲು ತೋರಿಸಬಹುದು.

ಗೂಗಲ್ ಡ್ರೈವಿನಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ. ಒಳಗೆ ಮತ್ತೆ ಹತ್ತು ಫೋಲ್ಡರ್ ಬೇಡ, ನಿರ್ವಹಿಸಲು ಆಗುವುದಿಲ್ಲ. ಫೈಲಿಗೆ ಒಳ್ಳೆ ಹೆಸರು ಇಟ್ಟರೆ ಸಾಕು. ವರ್ಷ ಮೊದಲು, ಆಮೇಲೆ ತಿಂಗಳು, ದಿನ, ವಸ್ತು, ಅಂಗಡಿ. "2025-11-08 ಮಿಕ್ಸಿ" ಎಂದು ಶುರುವಾದರೆ ಫೈಲುಗಳು ತಾವಾಗಿಯೇ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲೇ ಹೆಸರಿಡಿ. "ಮಿಕ್ಸಿ" ಎಂದು ಹುಡುಕಿದರೆ ಸಿಗುತ್ತದೆ.

ಡಿಜಿಲಾಕರ್ ಬಗ್ಗೆಯೂ ಒಂದು ಮಾತು. ಡಿಎಲ್, ಆರ್‌ಸಿಯಂಥ ಸರ್ಕಾರದಿಂದ ನೇರವಾಗಿ ಬರುವ ದಾಖಲೆಗಳು ಅದರಲ್ಲಿ ಅಸಲಿಗೆ ಸಮ. ಆದರೆ ನೀವೇ ಅಪ್‌ಲೋಡ್ ಮಾಡಿದ ಮಿಕ್ಸಿ ಬಿಲ್ಲಿಗೆ ಆ ಬೆಲೆ ಬರುವುದಿಲ್ಲ. ಅದು ಬರೀ ಕಾಪಿ. ಇಡಲು ಜಾಗ ಅಂತ ಬಳಸಬಹುದು.

ಹಂತ 3: ಕೌಂಟರಿನಲ್ಲಿ ಕೇಳುವುದು

ಇಲ್ಲಿ ಸಮಯ ಮುಖ್ಯ. ಬಿಲ್ಲು ಹಾಕುವ ಮುಂಚೆಯೇ ಕೇಳಬೇಕು. ಬಹಳ ಅಂಗಡಿಗಳ ಕಂಪ್ಯೂಟರಿನಲ್ಲಿ ಎಂಟರ್ ಒತ್ತಿದ ತಕ್ಷಣ ಪ್ರಿಂಟ್ ಆಗುವ ಹಾಗೆ ಸೆಟ್ ಮಾಡಿರುತ್ತಾರೆ. ಪ್ರಿಂಟ್ ಆದ ಮೇಲೆ "ಬೇಡ" ಎಂದರೆ ಪ್ರಯೋಜನವಿಲ್ಲ, ಆ ಕಾಗದ ಹೇಗೂ ಕಸವೇ.

"ಅಣ್ಣ, ಪ್ರಿಂಟ್ ಬೇಡ, ಬಿಲ್ಲು ವಾಟ್ಸಾಪಿಗೆ ಹಾಕ್ತೀರಾ?" ಎಂದು ಕೇಳಿ. "ನಮ್ಮಲ್ಲಿ ಆ ಸಿಸ್ಟಂ ಇಲ್ಲ ಸಾರ್" ಎಂದರೆ ಇಮೇಲ್ ಕೇಳಿ. ಅದೂ ಇಲ್ಲ ಎಂದರೆ ಕಾಗದವನ್ನೇ ತೆಗೆದುಕೊಳ್ಳಿ. ಸುಮ್ನೆ ವಾದಕ್ಕೆ ಇಳಿಯಬೇಡಿ. ಸಾವಿರಾರು ರೂಪಾಯಿಯ ವಸ್ತು ಕೊಂಡು ಬಿಲ್ಲೇ ಇಲ್ಲದೆ ಬರುವುದಕ್ಕಿಂತ ಕಾಗದ ತಂದು ಅದೇ ದಿನ ಸ್ಕ್ಯಾನ್ ಮಾಡುವುದು ಮೇಲು.

ಸೂಪರ್ ಮಾರ್ಕೆಟಿನ ಬಾಗಿಲಲ್ಲಿ ಬಿಲ್ಲಿಗೆ ಸೀಲು ಹೊಡೆಯುವ ಪದ್ಧತಿ ಇದ್ದರೆ, ಇ-ಬಿಲ್ ನಡೆಯುತ್ತದಾ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ಬಾಗಿಲ ಹತ್ತಿರ ಹೋದ ಮೇಲೆ ಸಾಲು ನಿಲ್ಲಿಸುವುದು ಬೇಡ.

ಇನ್ನೊಂದು ಎಚ್ಚರ ಫೋನ್ ನಂಬರಿನದು. ಇ-ಬಿಲ್ ಬೇಕೆಂದರೆ ನಂಬರ್ ಅಥವಾ ಇಮೇಲ್ ಕೊಡಲೇಬೇಕು, ಅದು ಸರಿ. ಆದರೆ "ನಂಬರ್ ಕೊಡದಿದ್ದರೆ ಬಿಲ್ಲೇ ಬರಲ್ಲ" ಎಂದು ಹಠ ಹಿಡಿಯುವಂತಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಚಿಲ್ಲರೆ ವ್ಯಾಪಾರಿಗಳಿಗೆ ಇದನ್ನೇ ಹೇಳಿದೆ. ನಂಬರ್ ಕೊಡಲು ಇಷ್ಟವಿಲ್ಲದಿದ್ದರೆ ಕೊಡಬೇಡಿ, ಕಾಗದದ ಬಿಲ್ಲು ಕೇಳಿ ಪಡೆಯಿರಿ. ನನ್ನ ಸಲಹೆ, ಆದಷ್ಟೂ ಇಮೇಲ್ ಕೊಡಿ. ಜಾಹೀರಾತು ಬಂದರೂ ಅಲ್ಲೇ ಬಿದ್ದಿರುತ್ತದೆ, ದಿನವಿಡೀ ಫೋನು ಗುಯ್ ಎನ್ನುವುದಿಲ್ಲ.

ಹಂತ 4: ಅಂಗಡಿ ಬಿಡುವ ಮುಂಚೆ ಬಿಲ್ಲು ತೆರೆದು ನೋಡಿ

ಕಾಗದದ ಬಿಲ್ಲನ್ನು ಕಣ್ಣಾಡಿಸಿಯಾದರೂ ನೋಡುತ್ತಿದ್ದೆವು. ಫೋನಿಗೆ ಬಂದದ್ದನ್ನು "ಬಂತು ಬಿಡಿ" ಎಂದು ನೋಡದೆ ಹೊರಟುಬಿಡುತ್ತೇವೆ. ಇದು ತಪ್ಪು. ಅಲ್ಲೇ ನಿಂತು ತೆರೆಯಿರಿ.

ಮೊದಲು ಮೇಲ್ಗಡೆ ಏನು ಬರೆದಿದೆ ನೋಡಿ. ಹಾರ್ಡ್‌ವೇರ್, ಎಲೆಕ್ಟ್ರಿಕಲ್, ಟೈಲ್ಸ್ ಅಂಗಡಿಗಳಲ್ಲಿ "ಎಸ್ಟಿಮೇಟ್" ಅಥವಾ "ಕೊಟೇಶನ್" ಎಂಬ ಪಿಡಿಎಫ್ ಬರುವುದುಂಟು. ನೋಡಲು ಬಿಲ್ಲಿನ ಹಾಗೇ ಇರುತ್ತದೆ, ವಸ್ತು ಇರುತ್ತದೆ, ಮೊತ್ತ ಇರುತ್ತದೆ. ಆದರೆ ಜಿಎಸ್‌ಟಿ ನಂಬರ್ ಇರುವುದಿಲ್ಲ, ಬಿಲ್ ನಂಬರ್ ಇರುವುದಿಲ್ಲ. ಅದು ಅಂದಾಜು ಪಟ್ಟಿ, ಬಿಲ್ಲಲ್ಲ. ಮನೆ ಕಟ್ಟುವವರು ಇದನ್ನು ಗಮನಿಸಲೇಬೇಕು. ಲಕ್ಷಾಂತರ ರೂಪಾಯಿಯ ವೈರು, ಪೈಪು, ಟೈಲ್ಸಿಗೆ ಬರೀ ಎಸ್ಟಿಮೇಟ್ ಚೀಟಿ ಇಟ್ಟುಕೊಂಡರೆ ನಾಳೆ ಮಾಲು ಕಳಪೆ ಎಂದು ಯಾರನ್ನು ಕೇಳುತ್ತೀರಿ?

ಆಮೇಲೆ ಮಾಡೆಲ್ ಮತ್ತು ಸೀರಿಯಲ್ ನಂಬರ್. ಫೋನಾದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ. ಫೋನಿನಲ್ಲಿ *#06# ಒತ್ತಿ ಬರುವ ನಂಬರಿಗೂ ಬಿಲ್ಲಿನ ನಂಬರಿಗೂ ತಾಳೆ ನೋಡಿ. ಫೋನು ಕಳೆದುಹೋದರೆ ಅದನ್ನು ಬ್ಲಾಕ್ ಮಾಡಲು ಸಂಚಾರ್ ಸಾಥಿ ಪೋರ್ಟಲಿನಲ್ಲಿ ಐಎಂಇಐ, ಪೊಲೀಸ್ ದೂರಿನ ಪ್ರತಿ, ಖರೀದಿ ಬಿಲ್ಲು ಕೇಳುತ್ತಾರೆ. ಆ ಬಿಲ್ಲು ಕಳೆದುಹೋದ ಫೋನಿನಲ್ಲೇ ಇದ್ದರೆ ಏನು ಮಾಡುವುದು? ಅದಕ್ಕೇ ಹಂತ 2ರಲ್ಲಿ ಇಮೇಲ್ ಮಾಡಿಕೊಳ್ಳಿ ಎಂದದ್ದು.

ಹಂತ 5: ವಾಟ್ಸಾಪಿನಲ್ಲೇ ಬಿಡಬೇಡಿ

ಬಿಲ್ಲು ವಾಟ್ಸಾಪಿಗೆ ಬಂತು ಎಂದರೆ ಕೆಲಸ ಅರ್ಧ ಮಾತ್ರ ಮುಗಿದಿದೆ. ಫೋನು ಬದಲಾಯಿಸಿದಾಗ ಬ್ಯಾಕಪ್ ಸರಿಯಾಗಿ ಬರದಿದ್ದರೆ ಹೋಯಿತು. ಜಾಗ ಸಾಲದೆಂದು ಫೈಲು ಅಳಿಸುವಾಗ ಬಿಲ್ಲೂ ಸೇರಿ ಹೋಗಬಹುದು. ತಾನಾಗಿ ಅಳಿಯುವ ಮೆಸೇಜು ಆನ್ ಆಗಿದ್ದರಂತೂ ಗೊತ್ತೇ ಆಗುವುದಿಲ್ಲ. ಎಸ್ಎಂಎಸ್‌ನಲ್ಲಿ ಬರೀ ಲಿಂಕ್ ಕಳಿಸಿದ್ದರೆ ಇನ್ನೂ ಬೇಗ ಎಚ್ಚೆತ್ತುಕೊಳ್ಳಿ. ಅಂಥ ಲಿಂಕು ಕೆಲವು ಕಾಲದ ಮೇಲೆ ತೆರೆಯದೇ ಹೋಗಬಹುದು. ತೆರೆದು ಪಿಡಿಎಫ್ ಇಳಿಸಿಕೊಳ್ಳಿ.

ಅದೇ ದಿನ ರಾತ್ರಿ ಫೈಲನ್ನು ಡ್ರೈವಿಗೆ ಹಾಕಿ, ಹೆಸರು ಬದಲಿಸಿ. ವಾರಕ್ಕೊಮ್ಮೆ ಮಾಡೋಣ ಎಂದರೆ ತಿಂಗಳಾದರೂ ಆಗುವುದಿಲ್ಲ.

ಕಾಗದದ ಬಿಲ್ಲನ್ನು ಫೋನಿಗೆ ಇಳಿಸುವಾಗ ಸುಮ್ನೆ ಫೋಟೋ ಹೊಡೆಯುವುದಕ್ಕಿಂತ ಸ್ಕ್ಯಾನ್ ಮಾಡಿ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಡ್ರೈವ್ ಆ್ಯಪಿನೊಳಗೇ ಸ್ಕ್ಯಾನ್ ಆಯ್ಕೆ ಇದೆ, ನೇರ ಪಿಡಿಎಫ್ ಆಗುತ್ತದೆ. ಐಫೋನಿನಲ್ಲಿ ನೋಟ್ಸ್ ಆ್ಯಪ್ ಆ ಕೆಲಸ ಮಾಡುತ್ತದೆ. ಹಗಲು ಬೆಳಕಿನಲ್ಲಿ, ಕಪ್ಪು ಬಟ್ಟೆಯ ಮೇಲೆ ಬಿಲ್ಲು ಹರಡಿ, ನಾಲ್ಕು ಮೂಲೆಯೂ ಕಾಣುವ ಹಾಗೆ ತೆಗೆಯಿರಿ. ನಿಮ್ಮ ನೆರಳು ಬೀಳದಿರಲಿ. ಉದ್ದದ ಬಿಲ್ಲಾದರೆ ಎರಡು ಭಾಗ ಮಾಡಿ, ನಡುವಿನ ಎರಡು ಸಾಲು ಎರಡರಲ್ಲೂ ಬರಲಿ. ಹಿಂಭಾಗದಲ್ಲಿ ವಾರಂಟಿ ಷರತ್ತು ಅಚ್ಚಾಗಿದ್ದರೆ ಅದನ್ನೂ ಸೇರಿಸಿ.

ಕರೆಂಟು, ಗ್ಯಾಸು, ರೈಲು, ಬಸ್ಸು

ತುಮಕೂರು ಬೆಸ್ಕಾಂ ವ್ಯಾಪ್ತಿಯಲ್ಲಿದೆ. ಮೀಟರ್ ರೀಡರ್ ಬಂದು ಕೊಡುವ ಬಿಲ್ಲು ಮಾಸುವಂಥದ್ದೇ. ಬೆಸ್ಕಾಂ ಮಿತ್ರ ಆ್ಯಪಿನಲ್ಲಿ ನಿಮ್ಮ ಅಕೌಂಟ್ ಐಡಿ ಸೇರಿಸಿಕೊಂಡರೆ ಬಿಲ್ಲು, ಕಟ್ಟಿದ ರಸೀದಿ ಎರಡೂ ಸಿಗುತ್ತವೆ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುವವರೂ ಆಗಾಗ ಒಂದು ಪಿಡಿಎಫ್ ಇಳಿಸಿಕೊಳ್ಳಿ. ವಿಳಾಸದ ಪುರಾವೆಗೆ ಕರೆಂಟ್ ಬಿಲ್ಲು ಕೇಳುವ ಕಡೆ ಉಪಯೋಗಕ್ಕೆ ಬರುತ್ತದೆ. ಗ್ಯಾಸ್ ಸಿಲಿಂಡರಿನ ಬಿಲ್ಲೂ ಕಂಪನಿಯ ಆ್ಯಪಿನಲ್ಲಿ ಇರುತ್ತದೆ.

ಬೆಂಗಳೂರಿಗೆ ದಿನಾ ಓಡಾಡುವ ರೈಲು ಪ್ರಯಾಣಿಕರಿಗೆ ರೈಲ್‌ಒನ್ ಆ್ಯಪ್ ಇದೆ, 2025ರ ಜುಲೈನಲ್ಲಿ ಬಂದದ್ದು. ಕಾದಿರಿಸದ ಟಿಕೆಟನ್ನೂ ಅದರಲ್ಲೇ ತೆಗೆಯಬಹುದು. ಆದರೆ ಕಾಗದವಿಲ್ಲದ ಟಿಕೆಟನ್ನು ಆ್ಯಪಿನಲ್ಲೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಚಾರ್ಜ್ ಇಲ್ಲದ ಫೋನು ಹಿಡಿದು ಹತ್ತಿದರೆ ಟಿಕೆಟ್ ಇಲ್ಲದ ಹಾಗೇ.

ಬಸ್ಸಿನಲ್ಲಿ ಮಾತ್ರ ಕಂಡಕ್ಟರ್ ಕೊಡುವ ಟಿಕೆಟ್ ಬೇಡ ಎನ್ನಬೇಡಿ. ಯುಪಿಐ ಮಾಡಿದ್ದರೂ ಟಿಕೆಟ್ ಪಡೆಯಲೇಬೇಕು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೂಡ ಹಾಗೆಯೇ. ನಿಗಮಕ್ಕೆ ಸರ್ಕಾರದಿಂದ ಹಣ ಬರುವುದು ಆ ಟಿಕೆಟ್ಟಿನ ಲೆಕ್ಕದ ಮೇಲೆ. ಚೆಕಿಂಗ್‌ನವರು ಬಂದಾಗ ಕೈಯಲ್ಲಿ ಇರಬೇಕಾದದ್ದೂ ಅದೇ. ಮುಂಗಡ ಕಾದಿರಿಸಿದ ಕೆಎಸ್ಆರ್‌ಟಿಸಿ ಟಿಕೆಟ್ಟಿಗೆ ಪ್ರಿಂಟ್ ಬೇಕಿಲ್ಲ, ಫೋನಿನಲ್ಲಿ ತೋರಿಸಿ ಜೊತೆಗೆ ಗುರುತಿನ ಚೀಟಿ ಇಟ್ಟುಕೊಂಡರೆ ಆಯಿತು.

ಕಾಗದ ಬಿಡಬಾರದ ಕಡೆ

ಮೊದಲು ರೈತರ ವಿಷಯ, ಏಕೆಂದರೆ ನಷ್ಟ ಜಾಸ್ತಿ ಆಗುವುದು ಇಲ್ಲೇ.

ಸಿರಾ, ಮಧುಗಿರಿ, ಪಾವಗಡದ ಕಡೆ ಬೋರ್‌ವೆಲ್ ಮೋಟರ್ ಎಂದರೆ ಸಣ್ಣ ಖರ್ಚಲ್ಲ. ಮೋಟರ್, ಪಂಪು, ಕೇಬಲ್, ಪ್ಯಾನಲ್ ಬೋರ್ಡು ಎಲ್ಲಕ್ಕೂ ಬಿಲ್ಲಿನಲ್ಲಿ ಬೇರೆ ಬೇರೆ ಸಾಲು ಇರಲಿ, ಮೋಟರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೋಟರನ್ನು ಬೋರಿಗೆ ಇಳಿಸುವ ಮುಂಚೆ ಅದರ ನೇಮ್ ಪ್ಲೇಟಿನ ಫೋಟೋ ತೆಗೆಯಿರಿ. ಒಂದು ಸಲ ಇಳಿಸಿದ ಮೇಲೆ ಆ ನಂಬರ್ ನೋಡಬೇಕೆಂದರೆ ಮತ್ತೆ ಪೈಪೆಲ್ಲ ಎತ್ತಬೇಕು. ನೇಮ್ ಪ್ಲೇಟ್ ಫೋಟೋ, ವಾರಂಟಿ ಕಾರ್ಡು, ಬಿಲ್ಲು ಮೂರನ್ನೂ ಒಂದೇ ಪಿಡಿಎಫ್ ಮಾಡಿ ಇಡಿ. ಅಸಲಿ ಬಿಲ್ಲು ಬಿಸಾಡಬೇಡಿ.

ಬಿತ್ತನೆ ಬೀಜ ಮೊಳೆಯದಿದ್ದರೆ ದೂರು ಕೊಡಲು ಬಿಲ್ಲು ಒಂದೇ ಸಾಲದು. ಚೀಲದ ಮೇಲಿನ ಟ್ಯಾಗು, ಅದರ ಲಾಟ್ ನಂಬರ್ ಬೇಕು. ಬಿಲ್ಲಿನಲ್ಲೂ ಅದೇ ಲಾಟ್ ನಂಬರ್ ಬರೆದಿರಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಕೊಂಡರೂ ಅಂಗಡಿಯಲ್ಲಿ ಕೊಂಡರೂ ಬಿಲ್ಲು, ಟ್ಯಾಗು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಫೋಟೋ ತೆಗೆಯಿರಿ. ಫಸಲು ಮನೆಗೆ ಬರುವವರೆಗೆ ಖಾಲಿ ಚೀಲ, ಟ್ಯಾಗು, ಸ್ವಲ್ಪ ಬೀಜ ಇರಲಿ. ಗೊಬ್ಬರದ ಅಂಗಡಿಯಲ್ಲಿ ಆಧಾರ್ ಕೊಟ್ಟು ಬೆರಳು ಒತ್ತಿದ ಮೇಲೆ ಮಷೀನಿನಿಂದ ಬರುವ ಚೀಟಿ ಥರ್ಮಲ್ ಕಾಗದ. ಅದರಲ್ಲಿರುವ ಚೀಲದ ಲೆಕ್ಕ ನೀವು ತಂದಷ್ಟೇ ಇದೆಯಾ ನೋಡಿ, ಅಲ್ಲೇ ಫೋಟೋ ತೆಗೆಯಿರಿ.

ಮಾರುವಾಗಲೂ ಅಷ್ಟೇ. ತಿಪಟೂರಿಗೆ ಕೊಬ್ಬರಿ ಹಾಕಿದರೂ, ಅಂತರಸನಹಳ್ಳಿಗೆ ತರಕಾರಿ ತಂದರೂ, ಬರೀ ಬಿಳಿ ಚೀಟಿಯಲ್ಲಿ ಬರೆದ ಮೊತ್ತಕ್ಕೆ ಒಪ್ಪಬೇಡಿ. ತೂಕ, ದರ, ಕಡಿತ, ಮಂಡಿಯ ಹೆಸರು ಇರುವ ಪಟ್ಟಿ ಕೇಳಿ. ಹಣ ಖಾತೆಗೆ ಬಂದರೆ ಆ ಎಸ್ಎಂಎಸ್ಸನ್ನೂ ಪಟ್ಟಿಯ ಜೊತೆ ಇಡಿ.

ಚಿನ್ನ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ 6 ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯ ಗುರುತಿನ ಸಂಖ್ಯೆ, ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ಅಲ್ಲೇ ಪರೀಕ್ಷಿಸಬಹುದು. ಬಿಲ್ಲಿನಲ್ಲಿ ತೂಕ, ಕ್ಯಾರೆಟ್, ಅಂದಿನ ದರ, ಮಜೂರಿ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆ ಕಾಣಬೇಕು. ಮುಂದೆ ಮಾರುವಾಗ, ಬದಲಿಸುವಾಗ ಕಾಗದ ಕೇಳುವ ಅಂಗಡಿಗಳೇ ಜಾಸ್ತಿ. ಆದ್ದರಿಂದ ಅಸಲಿ ಬಿಲ್ಲು ಒಡವೆ ಇರುವಷ್ಟು ಕಾಲ ಇರಲಿ, ಸ್ಕ್ಯಾನ್ ಕಾಪಿ ಬೇರೆ ಇರಲಿ.

ಆಸ್ಪತ್ರೆ ಮತ್ತು ಔಷಧಿ. ನೀವೇ ಹಣ ಕಟ್ಟಿ ಆಮೇಲೆ ವಿಮೆಯಿಂದ ಪಡೆಯುವುದಾದರೆ ಸೀಲು-ಸಹಿ ಇರುವ ಅಸಲಿ ಬಿಲ್ಲು, ಡಾಕ್ಟರ ಚೀಟಿ ಕೇಳುವುದು ಸಾಮಾನ್ಯ. ಕೊಡುವ ಮುಂಚೆ ಎಲ್ಲದರ ಕಾಪಿ ತೆಗೆದುಕೊಳ್ಳಿ. ಮೆಡಿಕಲ್ ಸ್ಟೋರಿನ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಔಷಧಿ ವಾಪಸ್ ಮಾಡಲೂ ಅದೇ ಬೇಕು.

ಈ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಕಾಗದದ ಲಕೋಟೆಯಲ್ಲಿ ಹಾಕಿ, ಬೀರುವಿನ ಕತ್ತಲಲ್ಲಿ ಇಡಿ.

ಅಂಗಡಿ ನಡೆಸುವವರಿಗೆ

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಆದದ್ದು ನೆನಪಿರಬಹುದು. ಯುಪಿಐ ಮೂಲಕ ಬಂದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್‌ನವರು ಭಯಬಿದ್ದು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬೋರ್ಡು ಹಾಕಿದರು. ನನ್ನ ಅಭಿಪ್ರಾಯದಲ್ಲಿ ಆ ಭಯಕ್ಕೆ ಪರಿಹಾರ ಕ್ಯೂಆರ್ ಕೀಳುವುದಲ್ಲ, ಬಿಲ್ಲು ಇಡುವುದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ಹಾಲು, ತಾಜಾ ತರಕಾರಿ, ಹಣ್ಣಿಗೆ ತೆರಿಗೆಯೇ ಇಲ್ಲ. ಖಾತೆಗೆ ಬಂದ ಹಣದಲ್ಲಿ ಹಾಲಿನದು ಎಷ್ಟು, ಬಿಸ್ಕತ್ತಿನದು ಎಷ್ಟು ಎಂದು ಯುಪಿಐ ಹೇಳುವುದಿಲ್ಲ. ನಿಮ್ಮ ಬಿಲ್ಲು ಹೇಳುತ್ತದೆ. ಸಾಲ ತೀರಿಸಲು ನೆಂಟರು ಹಾಕಿದ ಹಣವೂ ಅದೇ ಖಾತೆಗೆ ಬರುತ್ತಿದ್ದರೆ ಅಂಗಡಿಗೆ ಬೇರೆ ಖಾತೆ ಮಾಡಿಸಿ.

ಶುರು ಮಾಡಲು ಕಂಪ್ಯೂಟರ್ ಬೇಕೇ ಬೇಕು ಎಂದಿಲ್ಲ. ವ್ಯಾಪಾರ್, ಮೈಬಿಲ್‌ಬುಕ್ ಮೊದಲಾದ ಬಿಲ್ಲಿಂಗ್ ಆ್ಯಪ್‌ಗಳು ಫೋನಿನಲ್ಲೇ ನಡೆಯುತ್ತವೆ. ಜಾಸ್ತಿ ಹೋಗುವ ಸಾಮಾನುಗಳ ಪಟ್ಟಿಯನ್ನು ಮೊದಲು ಸೇರಿಸಿ, ಉಳಿದದ್ದು ದಿನಾ ಸ್ವಲ್ಪ ಸ್ವಲ್ಪ. ತೆರಿಗೆ ದರ ಹಾಕುವಾಗ ಎಚ್ಚರ: 2025ರ ಸೆಪ್ಟೆಂಬರ್ 22ರಿಂದ ಅನೇಕ ವಸ್ತುಗಳ ಜಿಎಸ್‌ಟಿ ದರ ಬದಲಾಗಿದೆ. ಹಳೆ ದರ ಉಳಿದಿದ್ದರೆ ತಿದ್ದಿ.

ಆಮೇಲೆ ಸೆಟ್ಟಿಂಗಿನಲ್ಲಿ ತಾನಾಗಿ ಪ್ರಿಂಟ್ ಆಗುವುದನ್ನು ಆಫ್ ಮಾಡಿ. ಕೌಂಟರಿನಲ್ಲಿರುವ ಹುಡುಗನಿಗೆ ಒಂದು ಮಾತು ಕಲಿಸಿ: "ಬಿಲ್ಲು ವಾಟ್ಸಾಪಿಗೆ ಕಳಿಸಲಾ, ಪ್ರಿಂಟ್ ಕೊಡಲಾ?" ಬಿಲ್ಲು ಬೇಕಾ ಬೇಡವಾ ಎಂದು ಕೇಳುವುದಲ್ಲ, ಹೇಗೆ ಬೇಕು ಎಂದು ಕೇಳುವುದು. ರೋಲು ಖರ್ಚು ಕಡಿಮೆಯಾಗುತ್ತದೆ, ಲೆಕ್ಕವೂ ಉಳಿಯುತ್ತದೆ. ವಯಸ್ಸಾದವರು, ಬಟನ್ ಫೋನಿನವರು ಕಾಗದ ಕೇಳಿದರೆ ಮುಖ ಸಿಂಡರಿಸದೆ ಕೊಡಿ. ಬಿಲ್ಲಿಗೆಂದು ಪಡೆದ ನಂಬರಿಗೆ ಆಫರ್ ಮೆಸೇಜು ಕಳಿಸಬೇಡಿ. ಗಿರಾಕಿ ಮುಂದಿನ ಸಲ ನಂಬರ್ ಕೊಡುವುದಿಲ್ಲ.

ಹಣ ಬಂದದ್ದನ್ನು ಗಿರಾಕಿಯ ಫೋನ್ ನೋಡಿ ನಂಬಬೇಡಿ, ನಕಲಿ ಸ್ಕ್ರೀನ್ ತೋರಿಸುವ ಆ್ಯಪುಗಳಿವೆ. ನಿಮ್ಮ ಸೌಂಡ್ ಬಾಕ್ಸ್ ಅಥವಾ ಖಾತೆ ನೋಡಿ.

ಮಂಡಿಪೇಟೆಯಲ್ಲಿ ಸಗಟು ಮಾಲು ತರುವಾಗ ಬಿಲ್ಲಿನ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಸರಿಯಾಗಿದೆಯಾ ನೋಡಿ. 5 ಕೋಟಿಗಿಂತ ಹೆಚ್ಚು ವಹಿವಾಟಿನ ಸಗಟು ವ್ಯಾಪಾರಿಗಳು ನೋಂದಾಯಿತ ಅಂಗಡಿಗೆ ಕೊಡುವ ಬಿಲ್ಲಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಿದ ಬಿಲ್ಲು) ಕಡ್ಡಾಯ, ಅದರಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಎಲ್ಲ ಲೆಕ್ಕವನ್ನೂ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆ ದಿನಾಂಕದಿಂದ 72 ತಿಂಗಳು ಇಡಬೇಕು. ಆ್ಯಪಿನ ಬ್ಯಾಕಪ್ ನಿಮ್ಮದೇ ಡ್ರೈವಿಗೆ ಹೋಗುತ್ತಿದೆಯಾ ಎಂದು ತಿಂಗಳಿಗೊಮ್ಮೆ ತೆರೆದು ನೋಡಿ.

ಬಿಲ್ಲಿನ ಹೆಸರಿನಲ್ಲಿ ಮೋಸ

ಇ-ಬಿಲ್ ಬರುವುದು ಪಿಡಿಎಫ್ ಆಗಿ ಅಥವಾ ಚಿತ್ರವಾಗಿ. ಹೆಸರಿನ ಕೊನೆಗೆ "ಎಪಿಕೆ" ಎಂದಿದ್ದರೆ ಅದು ಬಿಲ್ಲಲ್ಲ, ಫೋನಿಗೆ ಸೇರಿಕೊಳ್ಳುವ ಆ್ಯಪ್. ಒತ್ತಬೇಡಿ. ಬಿಲ್ಲು ನೋಡಲು ಒಟಿಪಿ, ಪಿನ್, ಕಾರ್ಡ್ ನಂಬರ್ ಯಾವುದೂ ಬೇಕಿಲ್ಲ. "ಕರೆಂಟ್ ಬಿಲ್ ಬಾಕಿ, ಇವತ್ತು ರಾತ್ರಿ ಲೈನ್ ಕಟ್" ಎಂದು ಗುರುತಿಲ್ಲದ ನಂಬರಿನಿಂದ ಬಂದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ಕೇಳಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೆ ಡ್ರಾಯರ್ ಖಾಲಿ ಮಾಡುವುದು

ಒಂದು ಭಾನುವಾರ ಕೂತು ಮುಗಿಸಿ. ವಾರಂಟಿ ಮುಗಿದು, ವಸ್ತುವೂ ಇಲ್ಲ ಎಂದರೆ ಬಿಲ್ಲು ಬಿಸಾಡಿ. ವಸ್ತು ಮನೆಯಲ್ಲಿದ್ದರೆ ಮಾಸುವ ಮುಂಚೆ ಸ್ಕ್ಯಾನ್ ಮಾಡಿ. ಫೋನ್ ನಂಬರ್, ಕಾರ್ಡಿನ ಕೊನೆ ಅಂಕಿ ಇರುವ ಚೀಟಿ ಹರಿದು ಹಾಕಿ. ಥರ್ಮಲ್ ಚೀಟಿಗಳನ್ನು ಹಳೆ ಪೇಪರ್ ಜೊತೆ ಗುಜರಿಗೆ ಕೊಡಬೇಡಿ, ಅದರ ರಾಸಾಯನಿಕ ಮರುಬಳಕೆಯ ಕಾಗದಕ್ಕೂ ಸೇರುತ್ತದೆ. ನೀರು ಕಾಯಿಸುವ ಒಲೆಗೂ ಹಾಕಬೇಡಿ. ಮಕ್ಕಳಿಗೆ ಆಟಕ್ಕೆ ಕೊಡುವುದಂತೂ ಬೇಡ.

ಬಿಲ್ಲು ಕೊಡಲ್ಲ ಎಂದರೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿದೆ. ಮೊದಲು ಅಂಗಡಿಯವರಿಗೆ ಸಮಾಧಾನವಾಗಿ ಹೇಳಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕೊಟ್ಟ ಮೊತ್ತ 50 ಲಕ್ಷದವರೆಗೆ ಇದ್ದರೆ ದೂರು ಅಲ್ಲಿಗೇ ಹೋಗುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದಾಖಲಿಸಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಬಿಲ್ಲಿನ ಪಿಡಿಎಫ್, ಯುಪಿಐ ಸಂದೇಶ, ಅಂಗಡಿಯವರ ಜೊತೆ ಆದ ವಾಟ್ಸಾಪ್ ಮಾತುಕತೆ ಎಲ್ಲವನ್ನೂ ತಾರೀಖಿನ ಸಾಲಿನಲ್ಲಿ ಜೋಡಿಸಿ ಸೇರಿಸಿ. ಬಿಲ್ಲೇ ಸಿಗದ ಕಡೆ ಅಂಗಡಿಯ ಬೋರ್ಡಿನ ಫೋಟೋ, ವಸ್ತುವಿನ ಮೇಲಿನ ಸೀರಿಯಲ್ ನಂಬರ್ ಫೋಟೋ, ಯುಪಿಐ ಯುಟಿಆರ್ ನಂಬರ್ ಮೂರನ್ನೂ ಅದೇ ದಿನ ತೆಗೆದಿಟ್ಟುಕೊಳ್ಳಿ.